ದ್ಮಿತ್ರೋನ ಬೀಗದ ಕೈ

ತೆಕ್ಲಾಗೆ ಓದಲು ಬರುತ್ತಿರಲಿಲ್ಲ, ಅಂಕಿಗಳು ಮಾತ್ರ ಗೊತ್ತಿದ್ದವು. ಯಾಕೋಬನ ಅಂಗಡಿಯ ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ನೇತಾಡುತ್ತಿತ್ತು. ಅದರಲ್ಲಿ ಮುಷ್ಟಿಯಷ್ಟು ದಪ್ಪನೆಯ ಏಳು.

ಅವಳು ಬಂದದ್ದು ಉಪ್ಪಿಗೆ, ದೀಪದ ಎಣ್ಣೆಗೆ. ಬದಲಿಗೆ ಕೊಡಲು ಎರಡು ಜೊತೆ ಉಣ್ಣೆಯ ಕಾಲುಚೀಲ ತಂದಿದ್ದಳು. ಕಾಗದ ಬಂದಿದೆಯೇ ಎಂದು ಕೇಳುವ ಮೊದಲೇ ಯಾಕೋಬ್ ಇಲ್ಲವೆಂದು ತಲೆ ಅಲ್ಲಾಡಿಸಿದ್ದ. ಗಂಡ ಒನುಫ್ರಿಯಿಂದ ಸುದ್ದಿಯಿಲ್ಲದೆ ಇದು ಏಳನೆಯ ವಾರ. ಅದಕ್ಕೇ ಇರಬೇಕು, ಗೋಡೆಯ ಮೇಲಿನ ಏಳು ಅವಳ ಕಣ್ಣಿಗೆ ಚುಚ್ಚಿದ್ದು.

"ಅದೇನಣ್ಣ ಏಳು?"

"ತಾರೀಖು ಕಣಮ್ಮ. ನವೆಂಬರ್ ಏಳು."

"ನವೆಂಬರ್ ಎಲ್ಲಿ ಬಂತು? ನಾಳೆ ನಮಗೆ ದ್ಮಿತ್ರೋ ಹಬ್ಬ. ಅಕ್ಟೋಬರ್ ಇಪ್ಪತ್ತಾರು."

ಯಾಕೋಬ್ ನಕ್ಕ. ಅವನು ಇವರ ಊರಿನ ಸೀಮೆಯಾದ ಗಲಿಷಿಯಾದಲ್ಲೇ ಹುಟ್ಟಿ ಬೆಳೆದ ಜರ್ಮನ್ನವನು, ಇವರ ಭಾಷೆಯಲ್ಲಿ ಇವರಿಗಿಂತ ಚೆನ್ನಾಗಿ ಬೈಯಬಲ್ಲ. "ನಿಮ್ಮ ದೇವರಿಗೆ ಹದಿಮೂರು ದಿನ ತಡವಾಗಿ ಎಚ್ಚರ ಆಗುತ್ತೆ. ಊರಲ್ಲೂ ಹಂಗೇ ಇತ್ತಲ್ಲಮ್ಮ. ನಿಮ್ಮ ಗುಡಿಯ ಲೆಕ್ಕ ಒಂದು, ದೊರೆಗಳ ಲೆಕ್ಕ ಇನ್ನೊಂದು."

"ಅದು ಊರು. ಈ ಕೆನಡಾದಲ್ಲಿ ದೊರೆಗಳು ಎಲ್ಲಿದಾರೆ?"

"ಜಮೀನು ಕಚೇರೀಲಿದಾರಲ್ಲ."

ತೆಕ್ಲಾ ನಗಲು ಹೊರಟವಳು ಅರ್ಧಕ್ಕೇ ನಿಂತಳು.

ವಸಂತದಲ್ಲಿ, ಜಮೀನು ಕಚೇರಿಯಲ್ಲಿ, ಕಟಕಟೆಯಾಚೆ ಕೂತ ಸಾಹೇಬ ಏನೋ ಹೇಳಿದ್ದ. ಪಕ್ಕದಲ್ಲಿ ನಿಂತ ದುಭಾಷಿ, ಪೊದೆಮೀಸೆಯ ನಮ್ಮವನೇ, ನಮ್ಮ ಮಾತಿನಲ್ಲೇ ತಿರುಗಿಸಿ ಹೇಳಿದ್ದ: ನವೆಂಬರ್ ಎಂಟರೊಳಗೆ ಮನೆ ಎದ್ದಿರಬೇಕು, ಒಲೆ ಉರಿಯುತ್ತಿರಬೇಕು, ಒಳಗೆ ಜನ ಇರಬೇಕು. ಇಲ್ಲದಿದ್ದರೆ ನೀವು ಬರೆಸಿಕೊಂಡ ನೂರ ಅರವತ್ತು ಎಕರೆ ಕೇಳಿದವರ ಪಾಲು. ಒನುಫ್ರಿ ಟೋಪಿಯನ್ನು ಮಂಡಿಗೆ ಬಡಿದುಕೊಂಡು ನಕ್ಕಿದ್ದ. "ನವೆಂಬರ್ ಎಂಟು ಅಂದ್ರೆ ಮಿಖಾಯ್ಲೋ ಹಬ್ಬ. ಮರೀಬೇಕು ಅಂದ್ರೂ ಆಗಲ್ಲ." ನಮ್ಮ ಮಾತಿನಲ್ಲಿ ಹೇಳಿದ ತಾರೀಖು ನಮ್ಮದಲ್ಲ ಎಂದು ಯಾರಿಗೆ ಹೊಳೆಯಬೇಕು? ಹೆಂಡತಿಯನ್ನು ಸೋದರತ್ತೆಯ ಗುಡಿಸಲಿನಲ್ಲಿ ಬಿಟ್ಟು ಅವನು ರೈಲು ಹಳಿ ಹಾಕುವ ಕೆಲಸಕ್ಕೆ ಹೋದ. ದ್ಮಿತ್ರೋ ಕಳೆದ ಮಾರನೆಯ ದಿನ ಬರುತ್ತೇನೆ, ಮಿಖಾಯ್ಲೋವರೆಗೆ ಹನ್ನೆರಡು ದಿನ ಇರುತ್ತೆ, ಮನೆಯೇನು ಅರಮನೆಯನ್ನೇ ಎಬ್ಬಿಸೋಣ ಎಂದಿದ್ದ.

"ಯಾಕೋಬಣ್ಣ," ಎಂದಳು. ದನಿ ತನ್ನದಲ್ಲವೆನಿಸಿತು. "ಕಚೇರಿಯವರ ಎಂಟು ಯಾವತ್ತು?"

ಅವನು ಕೈ ಚಾಚಿ ಏಳನ್ನು ಹರಿದ. ಕೆಳಗೆ ಎಂಟು ಇತ್ತು.

"ತಡಿ," ಎಂದ ಯಾಕೋಬ್. ಅವನ ಮುಖದ ನಗೆ ಇಳಿದುಹೋಗಿತ್ತು. "ನಿಮ್ಮದು ತೊರೆ ಪಕ್ಕದ ಜಾಗವಾ? ಎರಡು ದಿನದಿಂದ ಒಬ್ಬ ಇಂಗ್ಲಿಷಿನವನು ಇಲ್ಲೇ ಬಿಡಾರ ಹೂಡಿದಾನೆ. ಹಲಗೆ ತಗೊಂಡ, ಮೊಳೆ ತಗೊಂಡ. ತೊರೆ ಪಕ್ಕದ್ದು ಶನಿವಾರ, ಅಂದ್ರೆ ನಾಳೆ, ಖಾಲಿ ಬೀಳುತ್ತೆ, ತನಿಖೆ ಸಾಹೇಬ್ರು ಬರ್ತಾರೆ, ಅಲ್ಲೇ ಬರೆಸ್ಕೊಳ್ತೀನಿ ಅಂದ. ಯಾರದೋ ಏನೋ ಅಂತ ನಾನು ಸುಮ್ಮನಾದೆ."

ಹರಿದ ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡು ತೆಕ್ಲಾ ಎದೆಯ ಬಟ್ಟೆಯೊಳಗೆ ತುರುಕಿದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಉಪ್ಪು, ಎಣ್ಣೆ ಎರಡೂ ಅಂಗಡಿಯಲ್ಲೇ ಉಳಿದವು.

*

ಅಲ್ಲಿಂದ ಹಟ್ಟಿಗೆ ಎರಡು ಗಂಟೆಯ ದಾರಿ. ಹಟ್ಟಿಯೆಂದರೆ ಪಾಪ್ಲರ್ ಮರಗಳ ನಡುವೆ ಚೆದುರಿದ ಏಳು ಮನೆ, ಎಲ್ಲ ಒಂದೇ ಊರಿನಿಂದ ಒಂದೇ ಹಡಗಿನಲ್ಲಿ ಬಂದವರು. ಗುಡಿಯಿಲ್ಲ, ಪಾದ್ರಿಯಿಲ್ಲ. ಪ್ರಾರ್ಥನೆ ಹೇಳಿಸುವವನು ಪ್ರೊಕಿಪ್. ಅವನು ಒಪ್ಪಿದರೆ ಏಳು ಮನೆಯೂ ಒಪ್ಪಿದಂತೆ.

ಪ್ರೊಕಿಪ್‌ನ ಮನೆಯಲ್ಲಿ ಹಬ್ಬದ ಸಡಗರ. ಅವನ ಹೆಂಡತಿ ಯಾವ್ದೋಖಾ ಹಿಟ್ಟು ಲಟ್ಟಿಸುತ್ತಿದ್ದಳು. ಒನುಫ್ರಿಯ ಸೋದರತ್ತೆ ಹಾಫಿಯಾ ಒಲೆಯ ಪಕ್ಕ ಕೂತು ಕಡುಬಿನ ಅಂಚು ಮಡಿಸುತ್ತಿದ್ದಳು. ತಾಯಿಯಿಲ್ಲದ ಒನುಫ್ರಿಯನ್ನು ಮಡಿಲಲ್ಲಿ ಹಾಕಿಕೊಂಡು ಸಾಕಿದವಳು ಅವಳು. ಹಲ್ಲಿಲ್ಲದ ಬಾಯಲ್ಲಿ ಸದಾ ಏನಾದರೊಂದು ಕುಚೋದ್ಯ.

"ಓಡಿಬಂದಳು ನೋಡು ರಾಣಿ, ಕಡುಬಿನ ವಾಸನೆ ಹಿಡಿದು," ಎಂದಳು ಹಾಫಿಯಾ. "ಉಪ್ಪೆಲ್ಲೇ?"

ತೆಕ್ಲಾ ನಿಂತಲ್ಲೇ ಎಲ್ಲ ಹೇಳಿದಳು. ಹೇಳುತ್ತಾ ಹೋದಂತೆ ಯಾವ್ದೋಖಾಳ ಲಟ್ಟಣಿಗೆ ನಿಂತಿತು. ಪ್ರೊಕಿಪ್ ಬೂಟಿಗೆ ಕೊಬ್ಬು ಸವರುತ್ತಿದ್ದವನು ಸವರುತ್ತಲೇ ಇದ್ದ.

"ಒಂದೇ ಒಂದು ದಿನ ಮಾವ. ನಾಳೆ ಏಳು ಮನೆಯವರೂ ಮುಯ್ಯಾಳು ಬಂದ್ರೆ ಸಂಜೆ ಒಳಗೆ ನೆಲ ತೋಡಿ ಒಂದು ಗುಡಿಸಲು ಎಬ್ಬಿಸಬಹುದು. ನಿಮ್ಮದನ್ನ ಒಂದೂವರೆ ದಿನದಲ್ಲಿ ಎಬ್ಬಿಸಲಿಲ್ವಾ?"

"ನಾಳೆ ದ್ಮಿತ್ರೋ," ಎಂದ ಪ್ರೊಕಿಪ್.

"ಗೊತ್ತು ಮಾವ."

"ಗೊತ್ತಿದ್ದೂ ಕೇಳ್ತೀಯಾ? ನಾಳೆ ಅವನು ಭೂಮಿಗೆ ಬೀಗ ಹಾಕ್ತಾನೆ. ಬೀಗ ಹಾಕೋ ದಿನವೇ ಗುದ್ದಲಿ ಇಟ್ರೆ ಭೂಮಿ ಸುಮ್ನಿರುತ್ತಾ? ತೆಗೆದ ಗುಂಡಿ ತುಂಬೋಕೆ ಯಾರನ್ನಾದ್ರೂ ಕೇಳುತ್ತೆ." ಅವನು ಹಾಫಿಯಾಳ ಕಡೆ ನೋಡಲಿಲ್ಲ, ಆದರೆ ಮಾತು ಅತ್ತಲೇ ಹೋಯಿತು. ಈ ನೆಲಕ್ಕೆ ಬಂದ ಮೊದಲ ಚಳಿಗಾಲದಲ್ಲಿ ದ್ಮಿತ್ರೋ ದಿನವೇ ಆಲೂಗಡ್ಡೆ ಇಡುವ ಗುಂಡಿ ತೋಡಿದ್ದು ಹಾಫಿಯಾಳ ಗಂಡ. ಆ ವಾರವೇ ಅವನು ಹೋದ.

"ಹಬ್ಬ ಅಂದ್ರೆ ಹಬ್ಬ ಕಣೇ," ಎಂದಳು ಯಾವ್ದೋಖಾ, ಮೆತ್ತಗೆ. "ನೀನು ವಿಧವೆ ಆಗಿದ್ರೆ ಬೇರೆ ಮಾತು. ವಿಧವೆ ಮನೆ ಕೆಲಸಕ್ಕೆ ಊರಲ್ಲಿ ಯಾವ ಹಬ್ಬವೂ ಅಡ್ಡ ಬರ್ತಿರಲಿಲ್ಲ. ಆದ್ರೆ ನಿನಗೆ ದೇವರ ದಯೆ, ಗಂಡ ಗಟ್ಟಿಯಾಗಿದಾನೆ. ಇನ್ನೊಂದು ಜಾಗ ಕೇಳಿಕೊಳ್ಳಿ. ನೆಲಕ್ಕೇನು ಬರ ಇಲ್ಲಿ?"

ನೆಲಕ್ಕೆ ಬರವಿರಲಿಲ್ಲ. ಆದರೆ ತೊರೆಯ ಪಕ್ಕದ ನೆಲ ಅದೊಂದೇ ಉಳಿದಿತ್ತು. ಉಳಿದದ್ದು ಜವುಗು, ಇಲ್ಲವೇ ಎರಡು ದಿನದ ದಾರಿ. ಒನುಫ್ರಿ ಆ ಮಣ್ಣನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡಿದ್ದ, ನಾಲಿಗೆ ಕಪ್ಪಾಗಿತ್ತು. ಊರಿನಲ್ಲಿ ಅವನಪ್ಪನಿಗೆ ಇದ್ದದ್ದು ನಾಲ್ಕು ಸಾಲು ಆಲೂಗಡ್ಡೆಯ ನೆಲ, ಅದನ್ನು ಐದು ಗಂಡುಮಕ್ಕಳು ಹಂಚಿಕೊಂಡರು. ಒಂದು ನೆಲಕ್ಕಾಗಿ ಸಮುದ್ರ ದಾಟಿ ಬಂದು, ಅದನ್ನು ಒಂದು ಹಾಳೆಗೆ ಕಳೆದುಕೊಳ್ಳುವುದೇ?

ಅವಳ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಕಾಗದ ಚರಚರ ಎಂದಿತು.

"ಹಾಗಾದ್ರೆ ಬನ್ನಿ," ಎಂದಳು.

"ಏನು?"

"ವಿಧವೆ ಮನೆಗೆ ಬನ್ನಿ. ಅಂಗಡೀಲಿ ಕಾಗದ ಬಂದಿತ್ತು. ಯಾಕೋಬಣ್ಣ ಓದಿ ಹೇಳಿದ."

ಹಾಫಿಯಾ ಕೈಯಲ್ಲಿದ್ದ ಕಡುಬಿನ ಅಂಚನ್ನು ಕೊನೆಯವರೆಗೂ ಮಡಿಸಿದಳು, ಒಂದು ಮಡಿಕೆಯನ್ನೂ ತಪ್ಪಿಸಲಿಲ್ಲ. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡಳು, ಬಟ್ಟಲಲ್ಲಿ ಅಲ್ಲ.

"ಎಲ್ಲಿ?" ಎಂದಳು.

"ಸೇತುವೆ ಕೆಲಸದಲ್ಲಿ. ಮರದ ದಿಮ್ಮಿ ಉರುಳಿ." ದಿಮ್ಮಿ ಎಲ್ಲಿಂದ ಬಂತು, ಸೇತುವೆ ಎಲ್ಲಿಂದ ಬಂತು, ತೆಕ್ಲಾಗೆ ಗೊತ್ತಿಲ್ಲ. ಎಷ್ಟೋ ದಿನದಿಂದ ನಾಲಿಗೆಯ ಕೆಳಗೆ ಕಾದು ಕೂತಿದ್ದಂತೆ ಎರಡೂ ಹೊರಬಂದಿದ್ದವು. ಏಳು ವಾರ ರಾತ್ರಿಯೆಲ್ಲ ಅವಳು ಕಂಡದ್ದು ಅದನ್ನೇ ಇರಬೇಕು.

"ಮೊದಲೇ ಯಾಕೆ ಹೇಳಲಿಲ್ಲ?" ಪ್ರೊಕಿಪ್ ಎದ್ದು ನಿಂತಿದ್ದ.

"ಹೇಳೋಕೆ ಬಾಯಿ ಬರಲಿಲ್ಲ ಮಾವ."

ಅದೊಂದು ನಿಜವಾಗಿತ್ತು. ಪ್ರೊಕಿಪ್ ಟೋಪಿ ತೆಗೆದ. ಯಾವ್ದೋಖಾ ಹಿಟ್ಟಿನ ಕೈಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡಳು, ಹಣೆಯ ಮೇಲೆ ಬಿಳಿ ಬೊಟ್ಟಾಯಿತು. ಆಗ ಹಾಫಿಯಾ ಕೂಗಿದಳು. ತೆಕ್ಲಾ ಆ ಕೂಗನ್ನು ಕೇಳಿ ಕಿವಿ ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಳ್ಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

*

ಬೆಳಗಾದಾಗ ನೆಲದ ಮೇಲೆ ಹಿಮದ ತೆಳು ಪೊರೆ. ತೊರೆಯಾಚೆಯ ದಿಬ್ಬದ ಮೇಲೆ ಒಂದು ಗಾಡಿ, ಗಾಡಿಯ ತುಂಬ ಹಳದಿ ಹಲಗೆ, ಪಕ್ಕದಲ್ಲಿ ಒಂದು ಡೇರೆ. ಇಂಗ್ಲಿಷಿನವನು ಮರದ ಕೊರಡಿನ ಮೇಲೆ ಕೂತು ಚಹಾ ಕಾಯಿಸುತ್ತಿದ್ದ. ಹದಿನಾಲ್ಕು ಜನ ಗುದ್ದಲಿ ಹೊತ್ತು ಬರುವುದನ್ನು ಕಂಡು ಎದ್ದು ನಿಂತ, ಜೇಬಿನಿಂದ ಗಡಿಯಾರ ತೆಗೆದು ನೋಡಿದ, ಮತ್ತೆ ಕೂತ.

"ಅವನ ಗಡಿಯಾರಕ್ಕೆ ಹುಳ ಬೀಳಲಿ," ಎಂದು ಯಾರೋ ಅಂದರು.

ಪ್ರೊಕಿಪ್ ಬರಿದಲೆಯಲ್ಲಿ ಹಿಮದ ಮೇಲೆ ಮಂಡಿಯೂರಿದ. ಎಲ್ಲರೂ ಊರಿದರು.

"ಸಂತ ದ್ಮಿತ್ರೋ," ಎಂದ ಪ್ರೊಕಿಪ್, ಪಕ್ಕದ ಮನೆಯವನ ಹತ್ತಿರ ಏಣಿ ಕೇಳುವವನ ಹಾಗೆ, "ಇವತ್ತು ನಿನ್ನ ಬೀಗದ ಕೈ ಸಂಜೆವರೆಗೆ ನಮಗೆ ಕೊಟ್ಟಿರು. ನಮಗಾಗಿ ಅಲ್ಲ. ಇದು ಒನುಫ್ರಿಯ ವಿಧವೆಗೆ. ಅವಳಿಗೆ ನೀನೇ ದಿಕ್ಕು. ಸಂಜೆ ತಂದು ಒಪ್ಪಿಸ್ತೀವಿ."

ಒನುಫ್ರಿಯ ವಿಧವೆ. ಕಪ್ಪು ತಲೆವಸ್ತ್ರದ ಕೆಳಗೆ ತೆಕ್ಲಾಳ ಕಿವಿ ಬಿಸಿಯಾಯಿತು. ಮೊದಲ ಗುದ್ದಲಿಯನ್ನು ಅವಳೇ ಹಾಕಿದಳು. ಮೇಲಿನ ಒಂದು ಗೇಣು ಹೆಪ್ಪುಗಟ್ಟಿ ಕಲ್ಲಾಗಿತ್ತು. ಕಬ್ಬಿಣ ಬಡಿದಾಗ ಭುಜದವರೆಗೆ ನಡುಕ ಏರಿತು. ಎರಡನೆಯ ಏಟು, ಮೂರನೆಯದು. ನಾಲ್ಕನೆಯದಕ್ಕೆ ನೆಲ ಬಿರಿದು ಒಳಗಿನ ಕಪ್ಪು ಕಾಣಿಸಿತು.

ಆಮೇಲೆ ಗಂಡಸರು ಗುಂಡಿ ಇಳಿದರು. ಹೆಂಗಸರು ಹುಲ್ಲು ಬೇರಿನ ಸಮೇತ ಹೆಂಟೆಗಳನ್ನು ಇಟ್ಟಿಗೆಯಂತೆ ಕೊಯ್ದು ಜೋಡಿಸಿದರು. ಪಾಪ್ಲರ್ ಮರಗಳು ಒಂದರ ಮೇಲೊಂದು ಬಿದ್ದವು. ಸೂರ್ಯ ಮೇಲೇರುವ ಹೊತ್ತಿಗೆ ಗುಂಡಿ ಮಂಡಿಯುದ್ದ, ನೆತ್ತಿಗೆ ಬರುವ ಹೊತ್ತಿಗೆ ಸೊಂಟದುದ್ದ. ತೆಕ್ಲಾ ಒಮ್ಮೆಯೂ ಕೂರಲಿಲ್ಲ. ಕೂತರೆ ಯಾರಾದರೂ ಬಂದು ಭುಜ ತಬ್ಬಿ ಸಮಾಧಾನ ಹೇಳುತ್ತಾರೆ.

ಆದರೂ ಯಾವ್ದೋಖಾ ಬಂದಳು. "ಸಾಕು ಬಿಡೇ. ಗಂಡಸರಿದಾರೆ."

"ನನ್ನ ಮನೆ ಅಕ್ಕ."

"ಅತ್ತುಬಿಡು ಒಂದ್ಸಲ. ನಿನ್ನೆಯಿಂದ ಒಂದು ಹನಿ ಬಿದ್ದಿಲ್ಲ ನಿನ್ನ ಕಣ್ಣಲ್ಲಿ."

"ಮನೆ ಆಗ್ಲಿ."

ಮಧ್ಯಾಹ್ನ ಹಾಫಿಯಾ ಬಂದಳು. ಒಂದು ರಾತ್ರಿಯಲ್ಲಿ ಸೊಂಟ ಇನ್ನಷ್ಟು ಬಾಗಿತ್ತು. ಕೈಯಲ್ಲಿ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ. ಕೆಲಸ ಮುಗಿದ ಮೇಲೆ ಮುಯ್ಯಾಳುಗಳಿಗೆ ಮನೆಯೊಡತಿ ಊಟ ಹಾಕಬೇಕು. ಈ ಮನೆಯೊಡತಿಯ ಹತ್ತಿರ ಹಿಟ್ಟೂ ಇಲ್ಲ, ಹಂದಿಮಾಂಸವೂ ಇಲ್ಲ. ಹಾಫಿಯಾ ಗಡಿಗೆಯ ಬಟ್ಟೆ ಸರಿಸಿ ತೋರಿಸಿದಳು. ಬೇಯಿಸಿದ ಗೋಧಿ, ಮೇಲೆ ಜೇನು.

ಅದು ಸತ್ತವರ ಹೆಸರಿನಲ್ಲಿ ಬೇಯಿಸುವ ಗೋಧಿ.

"ಅವನಿಗೆ ಜೇನು ಜಾಸ್ತಿ ಬೇಕು," ಎಂದಳು ಹಾಫಿಯಾ. "ಚಿಕ್ಕವನಿದ್ದಾಗ ಸತ್ತವರ ಗೋಧಿ ಕದ್ದು ತಿಂತಿದ್ದ. ಅಜ್ಜ ಪಾಲು ಕೊಟ್ಟ ಅಂತಿದ್ದ ಕಳ್ಳ." ಅವಳು ಗಡಿಗೆಯನ್ನು ಹೆಂಟೆಯ ರಾಶಿಯ ಮೇಲಿಟ್ಟು ಕೈ ಚಾಚಿದಳು. "ಕಾಗದ ಕೊಡು."

"ಯಾವ ಕಾಗದ ಅತ್ತೆ?"

"ಬಂದ ಕಾಗದ. ಅವನ ದೇಹ ಎಲ್ಲಿ ಹೂತ್ರೋ ಯಾರು ಹೂತ್ರೋ. ಕಾಗದಾನಾದ್ರೂ ಈ ಮನೆ ಮೂಲೇಲಿ ಹೂಳೋಣ. ಅವನ ನೆಲ ಇದು."

ಎದೆಯ ಬಳಿ ಹಾಳೆ ಬೆವರಿಗೆ ಒದ್ದೆಯಾಗಿ ಚರ್ಮಕ್ಕೆ ಅಂಟಿಕೊಂಡಿತ್ತು. ಹಾಫಿಯಾಗೆ ಅಕ್ಷರ ಗೊತ್ತಿಲ್ಲ. ಆದರೆ ಮುಷ್ಟಿಯಷ್ಟು ದಪ್ಪನೆಯ ಏಳು ಕಾಗದದಲ್ಲಿ ಯಾಕಿದೆ ಎಂದು ಕುರುಡರೂ ಕೇಳುತ್ತಾರೆ. ಪ್ರೊಕಿಪ್ ಹತ್ತು ಮಾರು ದೂರದಲ್ಲಿದ್ದ.

"ಸಂಜೆ ಕೊಡ್ತೀನಿ."

"ಈಗ ಕೊಡು."

"ಸಂಜೆ ಅಂದೆನಲ್ಲ!"

ಅಷ್ಟು ಜೋರಾಗಿ ಹೇಳಬಾರದಿತ್ತು. ಗುಂಡಿಯೊಳಗಿನ ಸಲಿಕೆಗಳು ಒಂದು ಕ್ಷಣ ನಿಂತವು. ಹಾಫಿಯಾ ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ಅವಳ ನೋಟ ಮಾತ್ರ ತೆಕ್ಲಾಳ ಮುಖದ ಮೇಲೇ ಉಳಿಯಿತು.

ಮೂರರ ಹೊತ್ತಿಗೆ ಸೂರಿನ ಕಂಬಗಳು ಎದ್ದವು, ಮೇಲೆ ಒಣಹುಲ್ಲು, ಅದರ ಮೇಲೆ ಹೆಂಟೆ. ಒಳಗೆ ಪ್ರೊಕಿಪ್ ಕಲ್ಲು ಜೇಡಿಮಣ್ಣು ಸೇರಿಸಿ ಒಲೆ ಕಟ್ಟುತ್ತಿದ್ದ. ಅಷ್ಟರಲ್ಲಿ ದಿಬ್ಬದ ಮೇಲಿನ ಇಂಗ್ಲಿಷಿನವನು ಎದ್ದು ಕೋಟು ಕೊಡವಿಕೊಂಡ. ದಕ್ಷಿಣದ ದಾರಿಯಲ್ಲಿ ಎರಡು ಕುದುರೆ.

"ಬಂದ್ರು!"

"ಮಾವ, ಹಚ್ಚಿ!"

"ಮಣ್ಣು ಹಸೀ ಇದೆ, ಬಿರಿಯುತ್ತೆ."

"ಬಿರೀಲಿ, ಹಚ್ಚಿ!"

ಹಚ್ಚಿದರು. ಹಸಿ ಒಲೆ ಹೊಗೆಯನ್ನು ಮೇಲಕ್ಕೆ ಬಿಡಲಿಲ್ಲ, ಎಲ್ಲವನ್ನೂ ಒಳಗೇ ಉಗುಳಿತು. ಪ್ರೊಕಿಪ್ ಕೆಮ್ಮುತ್ತಾ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದ. ತೆಕ್ಲಾ ಒಳಗೆ ನುಗ್ಗಿ ಬೋರಲು ಮಲಗಿ ಊದಿದಳು. ಊದಿದಳು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಹೊರಗೆ ಯಾವ್ದೋಖಾ, "ಅಯ್ಯೋ, ಈಗ ಅಳ್ತಾಳೆ ಮಗು," ಎಂದಳು. ಒಂದು ಸಲ ಗುಕ್ಕೆಂದು, ಹೊಗೆ ದಾರಿ ಹುಡುಕಿಕೊಂಡಿತು. ಸೂರಿನ ತೂತಿನಿಂದ ಮೇಲೆದ್ದು ನೆಟ್ಟಗೆ ನಿಂತಿತು.

*

ತನಿಖೆಯ ಸಾಹೇಬ ವಯಸ್ಸಾದವನು, ಮೂಗಿಗೆ ನೆಗಡಿ. ಕುದುರೆಯಿಂದ ಇಳಿದು ಮಾತಿಲ್ಲದೆ ಗುಡಿಸಲಿನೊಳಗೆ ಬಗ್ಗಿ ಹೋದ. ಒಲೆಯ ಕಲ್ಲು ಮುಟ್ಟಿದ. ಮೂಲೆಯಲ್ಲಿ ಹಾಸಿದ್ದ ಹುಲ್ಲು, ಅದರ ಮೇಲಿನ ಕುರಿಚರ್ಮದ ಕೋಟನ್ನು ಕಾಲಿನಿಂದ ಸರಿಸಿ ನೋಡಿದ. ಹೊರಗೆ ಬಂದು ಸೂರಿನ ಹಸಿ ಹೆಂಟೆಗಳನ್ನೂ, ಮಣ್ಣು ಮೆತ್ತಿದ ಹದಿನಾಲ್ಕು ಜನರನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ಪುಸ್ತಕ ತೆರೆದ. ಅವನ ಹೆಗಲ ಬಳಿ ಇಂಗ್ಲಿಷಿನವನು ನಿಂತಿದ್ದ, ಒಂದೂ ಮಾತಾಡದೆ.

ಜೊತೆಗೆ ಬಂದವನು ಅದೇ ದುಭಾಷಿ. ಮೀಸೆ ಈಗ ಕತ್ತರಿಸಿ ಅಚ್ಚುಕಟ್ಟಾಗಿತ್ತು. ಅವನು ತೆಕ್ಲಾಳ ಮುಂದೆ ಹ್ಯಾಟು ತೆಗೆದ.

"ದಾರೀಲಿ ನಿಮ್ಮ ಹಟ್ಟಿಯ ಮುದುಕರೊಬ್ಬರು ಸಿಕ್ಕಿದ್ರು, ಹೇಳಿದ್ರು. ತುಂಬ ಬೇಜಾರಾಯ್ತು ತಂಗಿ. ಒಳ್ಳೆ ಆಳು ಒನುಫ್ರಿ. ದೇವರು ಅವನಿಗೆ ಸ್ವರ್ಗ ಕೊಡ್ಲಿ."

ತೆಕ್ಲಾ ತಲೆ ತಗ್ಗಿಸಿದಳು. ಪ್ರೊಕಿಪ್, ಯಾವ್ದೋಖಾ, ಎಲ್ಲರೂ ತಲೆ ತಗ್ಗಿಸಿದರು. ಹಾಫಿಯಾ ಮಾತ್ರ ತಗ್ಗಿಸಲಿಲ್ಲ.

"ಸಾಹೇಬ್ರಿಗೂ ಹೇಳಿದೆ," ದುಭಾಷಿ ಮುಂದುವರಿಸಿದ, ಹ್ಯಾಟಿನ ಅಂಚು ತಿರುಗಿಸುತ್ತಾ. "ಆದ್ರೆ ಒಂದು ತೊಡಕಿದೆ ನೋಡು. ಜಾಗ ಬರೆಸ್ಕೊಂಡಿದ್ದು ಅವನು. ಈಗ ಅವನಿಲ್ಲ. ಅವನಿಲ್ಲ ಅಂದ್ರೆ ಸಾವಿನ ಪತ್ರ, ನಿನ್ನ ಮದುವೆ ಪತ್ರ, ಎರಡೂ ಇವತ್ತೇ ತೋರಿಸ್ಬೇಕು. ಇಲ್ಲ ಅಂದ್ರೆ..." ಅವನು ಇಂಗ್ಲಿಷಿನವನ ಕಡೆ ಗಲ್ಲ ಆಡಿಸಿದ. "ಮನೆ ಕಟ್ಟಿದೀರಿ, ಒಲೆ ಹಚ್ಚಿದೀರಿ, ಎಲ್ಲ ಸರಿ. ಸತ್ತವನ ಹೆಸರಲ್ಲಿ ವಾಸ ಬರೆಯೋಕೆ ಬರಲ್ಲ ಅಂತಾರೆ."

ಮದುವೆಯ ಪತ್ರ ಸಮುದ್ರದಾಚೆ ಗುಡಿಯ ಪೆಟ್ಟಿಗೆಯಲ್ಲಿತ್ತು. ಸಾವಿನ ಪತ್ರ ಎಲ್ಲೂ ಇರಲಿಲ್ಲ.

ಸಾಹೇಬ ಸೀನಿದ. ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿದ. ತೆಕ್ಲಾ ಆ ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದಳು. ಸುತ್ತ ಹದಿನಾಲ್ಕು ಜನ. ಹಬ್ಬ ಮುರಿದವರು, ದ್ಮಿತ್ರೋನ ಹತ್ತಿರ ಸಾಲ ಕೇಳಿದವರು, ಅಂಗೈಯಲ್ಲಿ ಬೊಬ್ಬೆ ಎದ್ದವರು. ಅವರ ಮುಂದೆ ಬಾಯಿ ತೆರೆದರೆ ಇಡೀ ಹಟ್ಟಿ ಹೋಯಿತು, ತೆರೆಯದಿದ್ದರೆ ನೆಲ ಹೋಯಿತು. ಒಲೆಯ ಹೊಗೆ ನೆಟ್ಟಗೆ ಏರುತ್ತಲೇ ಇತ್ತು. ಸುಳ್ಳಿನ ಮೇಲೆ ಕಟ್ಟಿದ ಮನೆಗೂ ಹೊಗೆ ಹೀಗೇ ಬರುತ್ತದೆ ಎಂದು ಅವಳಿಗೆ ಆಶ್ಚರ್ಯವಾಯಿತು.

"ಅವರು ಸತ್ತಿಲ್ಲ," ಎಂದಳು.

ದುಭಾಷಿಯ ಹ್ಯಾಟು ತಿರುಗುವುದು ನಿಂತಿತು. "ಏನಂದೆ?"

"ಸತ್ತಿಲ್ಲ. ರೈಲು ಕೆಲಸದಲ್ಲಿದಾರೆ. ಮಿಖಾಯ್ಲೋ ಹಬ್ಬದೊಳಗೆ ಬರ್ತಾರೆ. ನೀವೇ ಎಂಟು ಅಂದಿದ್ರಿ, ನಮ್ಮ ಮಾತಲ್ಲೇ ಅಂದಿದ್ರಿ. ಅವರು ನಮ್ಮ ಎಂಟು ಅಂದ್ಕೊಂಡ್ರು."

"ಮತ್ತೆ ಕಾಗದ?" ಇದು ಪ್ರೊಕಿಪ್. ಅವನ ಗಡ್ಡದಲ್ಲಿ ಒಲೆಯ ಜೇಡಿ ಒಣಗಿ ಬಿಳಿಯಾಗಿತ್ತು.

ತೆಕ್ಲಾ ಎದೆಯಿಂದ ಹಾಳೆ ತೆಗೆದಳು. ಪ್ರೊಕಿಪ್ ಕೈ ಚಾಚಿದ, ಆದರೆ ದುಭಾಷಿ ಮೊದಲು ತೆಗೆದುಕೊಂಡು ಬಿಡಿಸಿದ. ಶಾಯಿ ಕದಡಿತ್ತು. ಏಳು ಮಾತ್ರ ಎಲ್ಲರಿಗೂ ಕಾಣುವಷ್ಟು ದಪ್ಪಗಿತ್ತು. ದುಭಾಷಿ ಅದನ್ನು ಸಾಹೇಬನಿಗೆ ತೋರಿಸಿ ಏನೋ ಹೇಳಿದ. ಹೇಳುತ್ತಾ ಅವನ ಕತ್ತು ಕೆಂಪಾಯಿತು, ತನ್ನ ಎಂಟಿನ ಕತೆಯನ್ನೂ ಹೇಳಿದನೆಂದು ಕಾಣುತ್ತದೆ. ಇಂಗ್ಲಿಷಿನವನು ಮೊದಲ ಸಲ ಬಾಯಿ ತೆರೆದು ಜೋರಾಗಿ ಎರಡು ಮಾತಾಡಿದ. ಸಾಹೇಬ ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದ, ಖಾಲಿ. ತೆಕ್ಲಾಳ ಕೈಗಳನ್ನು ನೋಡಿದ. ಗಡಿಯಾರ ನೋಡಿದ. ಬರೆದ.

"ವಾಸ ಇದೆ ಅಂತ ಬರೆದ್ರು," ಎಂದ ದುಭಾಷಿ ಮೆಲ್ಲಗೆ. "ಗಂಡ ಕೂಲಿಗೆ ಹೋಗಿದಾನೆ, ಹೆಂಡತಿ ವಾಸ ಇದಾಳೆ. ಅಷ್ಟು ಸಾಕು. ಜಾಗ ನಿಮ್ಮದೇ." ಹಾಳೆಯನ್ನು ವಾಪಸು ಕೊಡುವಾಗ ಅವನು ಅವಳ ಮುಖ ನೋಡಲಿಲ್ಲ.

ಇಂಗ್ಲಿಷಿನವನು ದಿಬ್ಬ ಹತ್ತಿ ಹೋಗಿ ಡೇರೆಯ ಗೂಟ ಕೀಳತೊಡಗಿದ. ಕುದುರೆಗಳು ಹೋದವು.

ಪ್ರೊಕಿಪ್ ಗುದ್ದಲಿಯ ಮಣ್ಣನ್ನು ಬೂಟಿನ ಅಂಚಿಗೆ ಕೆರೆದು ತೆಗೆದ. ನಿಧಾನವಾಗಿ, ಸ್ವಲ್ಪವೂ ಉಳಿಯದ ಹಾಗೆ.

"ಬೀಗದ ಕೈ ಸುಳ್ಳು ಹೇಳಿ ಇಸ್ಕೊಂಡ್ವಿ," ಎಂದ. "ನನ್ನ ಬಾಯಿಂದ ಹೇಳಿಸಿದೆ ನೀನು."

"ಮಾವ, ಊಟ..."

"ಊಟ?" ಅವನು ಹೆಂಟೆಯ ರಾಶಿಯ ಮೇಲಿನ ಗಡಿಗೆ ನೋಡಿದ. "ಬದುಕಿರೋನ ಸಾವಿನ ಊಟ ಮಾಡ್ಲಾ?"

ಒಬ್ಬೊಬ್ಬರೇ ಗುದ್ದಲಿ ಹೆಗಲಿಗೇರಿಸಿದರು. ಮುಯ್ಯಾಳು ಬಂದವರು ಉಣ್ಣದೆ ಹೋಗುವುದನ್ನು ತೆಕ್ಲಾ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಯಾವ್ದೋಖಾ ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಸತ್ತಿಲ್ಲ ಅಂದ್ಯಲ್ಲ. ನಿನಗೆ ಹೇಗೆ ಗೊತ್ತು?"

ಏಳು ವಾರ. ಸೇತುವೆ, ದಿಮ್ಮಿ. ನಿನ್ನೆ ಅಷ್ಟು ಸಲೀಸಾಗಿ ಬಂದ ಮಾತು ಸುಳ್ಳೇ ಎಂದು ತೆಕ್ಲಾಗೂ ಗೊತ್ತಿರಲಿಲ್ಲ. ಯಾವ್ದೋಖಾ ಕಾಯಲಿಲ್ಲ.

ಹಾಫಿಯಾ ಒಬ್ಬಳೇ ಉಳಿದಳು. ಕೋಲೂರಿಕೊಂಡು ಬಂದು ತೆಕ್ಲಾಳ ಎದುರು ನಿಂತಳು. ಅವಳು ಕೈ ಎತ್ತಿದ್ದನ್ನು ತೆಕ್ಲಾ ನೋಡಿದಳು, ಸರಿಯಲಿಲ್ಲ. ಏಟು ಕೆನ್ನೆಗೆ ಬಿತ್ತು. ಮುದುಕಿಯ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ಯಾರೂ ನಂಬಲಾರರು.

"ಒಂದು ರಾತ್ರಿ," ಎಂದಳು ಹಾಫಿಯಾ. "ಒಂದು ರಾತ್ರಿ ಪೂರ್ತಿ ನನ್ನ ಮಗನ್ನ ಸಾಯಿಸಿ ಇಟ್ಟಿದ್ದೆ ಪಾಪಿ."

"ಹೌದತ್ತೆ."

"ಒಳಗೆ ನಡಿ. ಚಳಿ."

ಒಳಗೆ ಹೊಗೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಹಾಫಿಯಾ ಗಡಿಗೆಯನ್ನು ಇಬ್ಬರ ನಡುವೆ ಇಟ್ಟು, ಸೊಂಟದ ಪಟ್ಟಿಯಿಂದ ಮರದ ಚಮಚ ತೆಗೆದು ತೆಕ್ಲಾಳ ಕೈಗೆ ಕೊಟ್ಟಳು.

"ಇದನ್ನ ಚೆಲ್ಲೋ ಹಾಗಿಲ್ಲ, ಹಕ್ಕಿಗೆ ಹಾಕೋ ಹಾಗಿಲ್ಲ, ಯಾರಿಗೂ ಕೊಡೋ ಹಾಗಿಲ್ಲ. ಅವನ ಹೆಸರಲ್ಲಿ ಬೆಂದಿದೆ. ಒಂದು ಕಾಳು ಹೊರಗೆ ಉಳಿದ್ರೂ ಅದು ಅವನನ್ನ ಹುಡುಕ್ಕೊಂಡು ಹೋಗುತ್ತೆ. ತಿನ್ನು. ನೀನು ಹೇಳಿದ್ದು, ನೀನೇ ನುಂಗು."

ತೆಕ್ಲಾ ತಿಂದಳು. ಮೊದಲ ಚಮಚ ಸಿಹಿಯಾಗಿತ್ತು. ಹದಿನಾಲ್ಕು ಜನಕ್ಕೆ ಬೇಯಿಸಿದ ಗೋಧಿ. ಹತ್ತನೆಯ ಚಮಚಕ್ಕೆ ಕೈ ನಿಧಾನವಾಯಿತು, ಇಪ್ಪತ್ತನೆಯದಕ್ಕೆ 'ಸಾಕು' ಎಂಬಂತೆ ಅತ್ತೆಯ ಮುಖ ನೋಡಿದಳು. ಹಾಫಿಯಾ ಕಣ್ಣು ಮಿಟುಕಿಸಲಿಲ್ಲ. ಬಾಗಿಲಿಗೆ ಇನ್ನೂ ಹಲಗೆಯಿರಲಿಲ್ಲ, ತೊರೆಯ ಕಡೆಯಿಂದ ಕೆಂಪು ಬೆಳಕು ಒಳಗೆ ಬಿದ್ದಿತ್ತು, ಅದರಲ್ಲಿ ತೆಕ್ಲಾಳ ಕೆನ್ನೆಯ ಮೇಲಿನ ನಾಲ್ಕು ಬೆರಳು ಕಾಣುತ್ತಿದ್ದವು. ಗಡಿಗೆ ಅರ್ಧಕ್ಕಿಳಿದಾಗ ಅವಳಿಗೆ ಅಳು ಬಂತು. ಹೊಗೆಯದ್ದಲ್ಲ. ತಿನ್ನುತ್ತಲೇ ಅತ್ತಳು.

ಹಾಫಿಯಾ ನೋಡುತ್ತಿದ್ದವಳು ಚಮಚವಿಲ್ಲದೆ, ಕೈಯನ್ನೇ ಗಡಿಗೆಗೆ ಹಾಕಿ ಒಂದು ಹಿಡಿ ತೆಗೆದು ಹಲ್ಲಿಲ್ಲದ ಬಾಯಿಗೆ ಹಾಕಿಕೊಂಡಳು.

"ಮಿಖಾಯ್ಲೋಗೆ ಎಷ್ಟು ದಿನ?" ಎಂದಳು, ನುರಿಯುತ್ತಾ.

"ಹದಿಮೂರು."

"ಯಾರ ಲೆಕ್ಕದಲ್ಲಿ?"

"ನಮ್ಮ ಲೆಕ್ಕದಲ್ಲಿ ಅತ್ತೆ."

"ಹೂಂ," ಎಂದು ಹಾಫಿಯಾ ಮತ್ತೊಂದು ಹಿಡಿಗೆ ಕೈ ಹಾಕಿದಳು.